ಐವತ್ತೈದನೇ ಮೆಟ್ಟಿಲು

ನೀರು ಸರಬರಾಜು ಇಲಾಖೆಯ ಹಳೇ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮೂರನೇ ಮಹಡಿಯಮ್ಮ ಎಂದು. ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿತ್ತು. ಯಾರಾದರೂ ಅದನ್ನು ಗಟ್ಟಿಯಾಗಿ ಓದಿದರೆ ಅವಳಿಗೇ ಒಂದು ಗಳಿಗೆ ಇನ್ಯಾರನ್ನೋ ಕರೆದಂತಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅವಳು ಆ ಮಹಡಿಯ ಅಟೆಂಡರ್. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಅರವತ್ತಾರು ಮೆಟ್ಟಿಲು ಹತ್ತಿ, ಕಿಟಕಿಗಳನ್ನು ತೆಗೆದು, ಕುಡಿಯುವ ನೀರು ತುಂಬಿ, ಮೇಜಿನ ಮೇಲೆ ಬಿಟ್ಟುಹೋದ ನಿನ್ನೆಯ ಟೀ ಲೋಟಗಳನ್ನು ತೊಳೆದಿಡುತ್ತಿದ್ದಳು. ಲಿಫ್ಟ್ ಇತ್ತು, ನಾಲ್ಕು ಜನ ಒತ್ತಿಕೊಂಡು ನಿಲ್ಲುವಂಥದ್ದು. ಅದು ವಾರದಲ್ಲಿ ಮೂರು ದಿನ ಕೆಟ್ಟಿರುತ್ತಿತ್ತು, ಉಳಿದ ದಿನ ಸಾಹೇಬರುಗಳಿಗೆ ಬೇಕಾಗಿರುತ್ತಿತ್ತು.

ಎಲ್ಲ ಮುಗಿದ ಮೇಲೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಹಿಡಿದು ಸಭಾಂಗಣದ ಬಾಗಿಲ ಪಕ್ಕದ ಪ್ರತಿಮೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅದು ದೇಶದ ಮಾಜಿ ರಾಷ್ಟ್ರಾಧ್ಯಕ್ಷರದು. ಎದೆಯಿಂದ ಮೇಲಷ್ಟೇ, ಆದರೆ ಮನುಷ್ಯನ ಅಳತೆಗೆ ಎರಡರಷ್ಟು, ಅಪ್ಪಟ ಕಂಚು. ಕಲ್ಲಿನ ಪೀಠದ ಮೇಲಿಂದ, ದಪ್ಪ ಕನ್ನಡಕದೊಳಗಿಂದ, ಎದುರು ಗೋಡೆಯ ನೋಟಿಸ್ ಬೋರ್ಡನ್ನು ದಿಟ್ಟಿಸುತ್ತಿತ್ತು. ಕನ್ನಡಕವೂ ಕಂಚಿನದೇ. ಅದಕ್ಕೂ ಕಣ್ಣಿಗೂ ನಡುವೆ ಬೆರಳು ತೂರದಷ್ಟು ಸಂದು. ಅಲ್ಲಿ ಧೂಳು ಕೂತರೆ ರಾಷ್ಟ್ರಾಧ್ಯಕ್ಷರಿಗೆ ಕಣ್ಣಿನ ಪೊರೆ ಬಂದ ಹಾಗೆ ಕಾಣುತ್ತಿತ್ತು. ಅವಳು ಅದಕ್ಕೆಂದೇ ಹಳೇ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದಳು. ಕಿವಿಯ ಸುರುಳಿಗೂ ಕೋಟಿನ ಕಾಲರಿಗೂ ಅದೇ ಬ್ರಷ್ಷು.

“ಹೆತ್ತ ಮಗಳ ಕಿವಿನೂ ಇಷ್ಟು ಶ್ರದ್ಧೆಯಿಂದ ತೊಳೆದಿಲ್ಲ ನಾನು” ಎನ್ನುತ್ತಿದ್ದಳು.

ಹೊಸಬರು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ. ಅವಳ ಗಂಡನ ಸೊಂಟ ಮುರಿದದ್ದು ಅದೇ ಕಂಚು ಎಂದು ಅವರಿಗೆ ಗೊತ್ತಿತ್ತು.

ಗಂಡ ಆ ಕಟ್ಟಡದ ಬಡಗಿಯಾಗಿದ್ದವನು. ನೆಲಮಾಳಿಗೆಯಲ್ಲಿ ಅವನದೊಂದು ಕೋಣೆ; ಕುಂಟುವ ಕುರ್ಚಿ, ಬಾಗಿಲು ಜೋತುಬಿದ್ದ ಬೀರು, ಬಿಗಿದುಕೊಂಡ ಮೇಜಿನ ಖಾನೆ, ಎಲ್ಲ ಅಲ್ಲಿಗೆ ಹೋಗಿ ನೆಟ್ಟಗಾಗಿ ಬರುತ್ತಿದ್ದವು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮುಖ್ಯ ಎಂಜಿನಿಯರ್ ಎದುರಿಗೇ “ಸರ್, ಈ ಕುರ್ಚಿಗೆ ಕಾಯಿಲೆ ಇಲ್ಲ, ಕೂರೋರು ವಾಲ್ಕೊಂಡು ಕೂರ್ತಾರೆ” ಎಂದುಬಿಟ್ಟವನು. ಅವಳು ಆಗ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಗಳಿಗೆ ನಾಲ್ಕು ವರ್ಷ.

ಆ ವರ್ಷ ಮಾಜಿ ರಾಷ್ಟ್ರಾಧ್ಯಕ್ಷರು ತೀರಿಕೊಂಡರು. ರಾಜಕೀಯಕ್ಕೆ ಹೋಗುವ ಮುಂಚೆ, ಎಳೆ ವಯಸ್ಸಿನಲ್ಲಿ, ಅವರು ಒಂದು ವರ್ಷ ಎಂಟು ತಿಂಗಳು ಇದೇ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದರಂತೆ. ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಕೂರುತ್ತಿದ್ದರಂತೆ. ಅಷ್ಟು ಸಾಕಾಯಿತು. ಪ್ರತಿಮೆ ಆಗಬೇಕು, ಅದು ಅವರು ಕೂತ ಮಹಡಿಯಲ್ಲೇ ಇರಬೇಕು ಎಂದು ತೀರ್ಮಾನವಾಯಿತು. ಒಂದು ಮಧ್ಯಾಹ್ನ ಲಾರಿ ಬಂದು ನಿಂತಿತು. ಬಡಗಿ ಲಾರಿಯೊಳಗೆ ಇಣುಕಿ ನೋಡಿದ, ಮೆಟ್ಟಿಲು ನೋಡಿದ, ಮುಖ್ಯ ಎಂಜಿನಿಯರ್ ಹತ್ತಿರ ಹೋದ.

“ಸರ್, ಕೆಳಗಡೆನೇ ಇಡೋಣ. ಬಾಗಿಲಲ್ಲಿದ್ರೆ ಬಂದೋರಿಗೆಲ್ಲ ಕಾಣ್ತಾರೆ. ಮೇಲೇ ಬೇಕು ಅಂದ್ರೆ ಎರಡು ದಿನ ಕೊಡಿ. ಕಿಟಕಿ ಚೌಕಟ್ಟು ಬಿಚ್ಚಿ, ರಾಟೆ ಕಟ್ಟಿ, ಹೊರಗಡೆಯಿಂದ ಎಳೆಸ್ತೀನಿ.”

“ನಾಳೆ ಹತ್ತಕ್ಕೆ ಮಂತ್ರಿಗಳು ಬರ್ತಿದಾರೆ. ಎರಡು ದಿನ ನಿಮ್ಮಪ್ಪ ಕೊಡ್ತಾನಾ? ಮಾತು ಸಾಕು, ನೀನೂ ಒಂದು ಕೈ ಹಾಕು.”

ಎಂಟು ಜನ ಕೈ ಹಾಕಿದರು. ಎರಡು ಬೊಂಬು, ಹಗ್ಗ. ಐವತ್ತೈದು ಮೆಟ್ಟಿಲವರೆಗೆ ಹೇಗೋ ಹತ್ತಿದರು. ಐವತ್ತೈದಾದ ಮೇಲೆ ಮೆಟ್ಟಿಲು ತಿರುಗುತ್ತದೆ. ಇನ್ನು ಹನ್ನೊಂದೇ ಹನ್ನೊಂದು. ಬೊಂಬು ಗೋಡೆಗೆ ತಗುಲಿ ತಿರುಗಲೊಲ್ಲದು. ಮುಂದಿದ್ದವನು ಕೈ ಬದಲಿಸಲು ಒಂದು ಕ್ಷಣ ಸಡಿಲಿಸಿದ. ಹಗ್ಗ ಜಾರಿತು, ರಾಷ್ಟ್ರಾಧ್ಯಕ್ಷರು ಬೆನ್ನು ಕೆಳಗಾಗಿ ಬಂದರು. ಕೆಳಗಿದ್ದವರೆಲ್ಲ ಪಕ್ಕಕ್ಕೆ ನೆಗೆದರು. ಬಡಗಿ ನೆಗೆಯಲಿಲ್ಲ. ಎರಡೂ ಕೈ ಚಾಚಿ ಹಿಡಿಯಲು ಹೋದ.

ಎಷ್ಟೋ ದಿನಗಳ ಮೇಲೆ ಅವಳು ಕೇಳಿದ್ದಳು, “ನಿಮಗೊಬ್ಬರಿಗೇ ಏನ್ರೀ ಬಂದಿತ್ತು ಅಂಥ ದರ್ದು?”

“ನಾನೆಲ್ಲಿ ಯೋಚನೆ ಮಾಡ್ದೆ? ಬೀಳೋದನ್ನ ಹಿಡಿಯೋದು ಕೈಗೆ ಅಭ್ಯಾಸ. ಕೈ ತಾನೇ ಹೋಯ್ತು.”

ಸೊಂಟದ ಮೂಳೆ ಮೂರು ಕಡೆ, ಎಡತೊಡೆ ಎರಡು ಕಡೆ. ಮಾರನೇ ದಿನವಲ್ಲ, ಅದರ ಮಾರನೇ ದಿನ, ವಾರ್ಡಿನ ಪಕ್ಕದ ಹಾಸಿಗೆಯವರ ಅಣ್ಣ ಓದುತ್ತಿದ್ದ ಪತ್ರಿಕೆಯಲ್ಲಿ ಅವಳು ಆ ಪ್ರತಿಮೆಯನ್ನು ಮೊದಲ ಸಲ ನೋಡಿದಳು. ಮಂತ್ರಿಗಳು ಪರದೆ ಸರಿಸಿ ನಗುತ್ತಿದ್ದರು. ಕಾರ್ಯಕ್ರಮ ಹೇಳಿದ ಸಮಯಕ್ಕೇ ನಡೆದಿತ್ತು. ಬಿದ್ದ ಪ್ರತಿಮೆಯನ್ನು ಉಳಿದ ಏಳು ಜನ, ಇನ್ನೂ ಆರು ಜನರನ್ನು ಕರೆತಂದು, ಅದೇ ಸಂಜೆ ಮೇಲೆ ಸೇರಿಸಿದ್ದರು.

ಮೂರು ತಿಂಗಳು ಆಸ್ಪತ್ರೆ. ಬಡಗಿ ಎರಡು ಊರುಗೋಲಿನ ಮೇಲೆ ಮನೆಗೆ ಬಂದ; ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮತ್ತೆ ಮೂರು ತಿಂಗಳಿಗೆ ಇಲಾಖೆಯಿಂದ ಕಾಗದ ಬಂತು: ಗಂಡನ ಬದಲಿಗೆ ಹೆಂಡತಿಗೆ ಕೆಲಸ. ಅಟೆಂಡರ್ ಹುದ್ದೆ, ಮೂರನೇ ಮಹಡಿ.

ಮೊದಲ ದಿನ ಹೆಡ್ ಗುಮಾಸ್ತರು ಕೈಗೆ ಬಟ್ಟೆ ಕೊಟ್ಟು ಪ್ರತಿಮೆ ತೋರಿಸಿ “ಇದೂ ನಿಮ್ಮ ಕೆಲಸವೇ” ಎಂದು ತಲೆತಗ್ಗಿಸಿಕೊಂಡು ಹೋದರು. ಆಗಿನ್ನೂ ಕೆಲಸಕ್ಕೆ ಸೇರಿ ವರ್ಷ ತುಂಬದ ಟೈಪಿಸ್ಟ್ ಹುಡುಗಿ ಓಡಿಬಂದು ಪಿಸುಗುಟ್ಟಿದಳು.

“ಅಕ್ಕಾ, ನಿಮಗೆ ಆಗಲ್ಲ ಅಂದ್ರೆ ಹೇಳಿ. ನಾನು ಮಾತಾಡಿ ಬೇರೆ ಮಹಡಿ ಹಾಕಿಸ್ತೀನಿ.”

“ಬೇರೆ ಮಹಡಿಗೂ ಈ ಮೆಟ್ಟಿಲೇ ತಾನೇ?” ಎಂದಳು ಅವಳು.

ಪ್ರತಿಮೆಯನ್ನು ಎದುರಿಗೆ ಕಂಡರೆ ಉಗಿಯಬೇಕು ಅನ್ನಿಸೀತು ಎಂದುಕೊಂಡು ಬಂದಿದ್ದಳು. ಅನ್ನಿಸಲಿಲ್ಲ. ಆರು ತಿಂಗಳು ಸರಿಯಾಗಿ ಕಣ್ಣು ಮುಚ್ಚದೆ ಹೈರಾಣಾದವಳಿಗೆ ಅನ್ನಿಸಿದ್ದು ಇಷ್ಟೇ: ಈ ಮನುಷ್ಯನಿಗೂ ನಿದ್ದೆ ಸಾಲದು. ಒರೆಸಿ, ಬಟ್ಟೆ ಹಿಂಡಿ, ಒಣಹಾಕಿ ಬಂದಳು.

ಆಮೇಲೆ ವರ್ಷಗಳು ಹೋದವು. ಏನು ಹೇಳುವುದು ಅವುಗಳ ಬಗ್ಗೆ? ಮುಖ್ಯ ಎಂಜಿನಿಯರುಗಳು ಹನ್ನೊಂದು ಜನ ಬಂದು ಹೋದರು. ಬೆಳಿಗ್ಗೆ ಗಂಡನಿಗೆ ಸ್ನಾನ ಮಾಡಿಸಿ, ಮಗಳ ಜಡೆ ಹಾಕಿ, ಅಡುಗೆ ಮುಚ್ಚಿಟ್ಟು, ಬಸ್ಸಿನಲ್ಲಿ ನಿಂತುಕೊಂಡು ಬರುವುದು. ಸಂಜೆ ನಿಂತುಕೊಂಡೇ ಹೋಗುವುದು. ಐವತ್ತೈದನೇ ಮೆಟ್ಟಿಲಲ್ಲಿ ಮೊದಮೊದಲು ಕಾಲು ತಡೆಯುತ್ತಿತ್ತು. ಆಮೇಲೆ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು ರೂಢಿಯಾಯಿತು, ಸಂಕಟಕ್ಕಲ್ಲ, ಮಂಡಿನೋವಿಗೆ. ವರ್ಷಕ್ಕೊಮ್ಮೆ ರಾಷ್ಟ್ರಾಧ್ಯಕ್ಷರ ಪುಣ್ಯತಿಥಿಯ ದಿನ ಮೇಲಿನವರೆಲ್ಲ ಬರುತ್ತಿದ್ದರು. ಅವಳು ಹೂವಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವರು ಬಡವರ ಬಂಧು, ಕಾರ್ಮಿಕರ ಕಣ್ಮಣಿ ಎಂದು ಭಾಷಣವಾಗುತ್ತಿತ್ತು. ಇದ್ದರೂ ಇದ್ದಾರು, ಎಂದುಕೊಳ್ಳುತ್ತಿದ್ದಳು. ಅವರು ಬದುಕಿದ್ದಿದ್ದರೆ ನನ್ನನ್ನು ಕೆಳಗೇ ಇಡಿ ಎಂದಿದ್ದರೋ ಏನೋ. ಕೇಳಲಿಕ್ಕಾಗುತ್ತದೆಯೇ?

ಮನೆಯಲ್ಲಿ ಬಡಗಿ ಮೊದಲೆರಡು ವರ್ಷ ಉಳಿ ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಆಮೇಲೆ ಒಂದು ದಿನ ಮಗಳ ಪೆನ್ಸಿಲ್ ಡಬ್ಬಿಯ ಮುಚ್ಚಳ ಕಿತ್ತುಹೋಗಿ ಅವಳು ಅಳುತ್ತ ಬಂದಾಗ, ಕೂತಲ್ಲೇ ಮರದ ಡಬ್ಬಿಯೊಂದನ್ನು ಮಾಡಿಕೊಟ್ಟ. ಅಲ್ಲಿಂದ ಅಕ್ಕಪಕ್ಕದವರ ಸ್ಟೂಲು, ಮಣೆ, ತೊಟ್ಟಿಲ ಕಾಲು ಎಂದು ಮನೆ ಬಾಗಿಲಿಗೇ ಕೆಲಸ ಬರತೊಡಗಿತು. ಮಾತೂ ಬಂತು. ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದ ಹಾಗೇ ಕೇಳುತ್ತಿದ್ದ.

“ಹೇಗಿದಾರೆ ನಿಮ್ಮ ಸಾಹೇಬ್ರು?”

“ಇದ್ದ ಹಾಗೇ ಇದಾರೆ. ನಿಮ್ಮಷ್ಟು ಮಾತಿಲ್ಲ, ನಿಮ್ಮಷ್ಟು ತಕರಾರೂ ಇಲ್ಲ.”

“ತಲೆ ಒಳಗೆ ಟೊಳ್ಳು ಕಣೇ ಅದಕ್ಕೆ. ತಟ್ಟಿ ನೋಡು, ಗೊತ್ತಾಗುತ್ತೆ.”

“ಟೊಳ್ಳಾಗಿದ್ದೇ ಇಷ್ಟು ಮಾಡ್ತಲ್ಲ, ಗಟ್ಟಿಯಾಗಿದ್ರೆ ನಾನು ಯಾರ ಜೊತೆ ಜಗಳ ಆಡ್ಬೇಕಿತ್ತು?”

ಅಂಥ ಮಾತಿಗೆ ನಗು ಬರುವುದು ಯಾವಾಗಲೋ ನಿಂತುಹೋಗಿತ್ತು. ಆಡುವುದು ಮಾತ್ರ ನಿಂತಿರಲಿಲ್ಲ.

ಪ್ರತಿಮೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಇಲಾಖೆಯವರು ಒಂದು ಸ್ಮರಣ ಸಂಚಿಕೆ ಹಾಕಿದರು. ಹೊಳೆಯುವ ಕಾಗದ, ಬಣ್ಣದ ಚಿತ್ರ. ಅಟೆಂಡರುಗಳಿಗೂ ಒಂದೊಂದು ಪ್ರತಿ ಸಿಕ್ಕಿತು. ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿ ಅವಳು ನಿಧಾನವಾಗಿ ಓದಿದಳು. ಹದಿನಾಲ್ಕನೇ ಪುಟದಲ್ಲಿ ಹೀಗಿತ್ತು: “ಸಿಬ್ಬಂದಿ ವರ್ಗದವರ ಉತ್ಸಾಹಪೂರ್ಣ ಸಹಕಾರದಿಂದ ಪ್ರತಿಮೆಯು ನಿರ್ವಿಘ್ನವಾಗಿ ಮೂರನೇ ಮಹಡಿಯನ್ನು ತಲುಪಿತು.”

ತೋರಿಸಬಾರದು ಎಂದುಕೊಂಡು ಚೀಲದ ಅಡಿಯಲ್ಲಿ ಹಾಕಿಕೊಂಡು ಬಂದಳು. ತರಕಾರಿ ತೆಗೆಯಲು ಚೀಲಕ್ಕೆ ಕೈ ಹಾಕಿದ ಬಡಗಿಗೆ ಮೊದಲು ಸಿಕ್ಕಿದ್ದೇ ಅದು. ಓದಿ ನಕ್ಕ. ನಕ್ಕೂ ನಕ್ಕೂ ಕೆಮ್ಮು ಬಂತು. ನೀರು ಕುಡಿದು, “ಇನ್ನೊಂದು ಸಲ ಓದು, ನೀನು ಓದು” ಎಂದ. ಅವಳು ಓದಿದಳು. ಈ ಸಲ ಅವನು ನಗಲಿಲ್ಲ.

“ನಿರ್ವಿಘ್ನ” ಎಂದ. “ಸರಿಯಾಗೇ ಬರೆದಿದಾರೆ ಬಿಡು. ಅವರಿಗೇನು ವಿಘ್ನ ಆಯ್ತು?”

ಎರಡು ದಿನ ಅವನು ಕೆಲಸ ಮುಟ್ಟಲಿಲ್ಲ. ಅವಳಿಗೆ ಅವನ ಸೊಂಟ ಮುರಿದ ದಿನಕ್ಕಿಂತ ಆ ಎರಡು ದಿನ ಭಾರವಾಗಿ ಹೋದವು. ಅವತ್ತು ಓಡಾಡುವುದಕ್ಕಾದರೂ ಇತ್ತು.

ಅದಾಗಿ ನಾಲ್ಕು ವರ್ಷ. ಅವಳ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಇಲಾಖೆ ಊರಾಚೆಯ ಹೊಸ ಕಟ್ಟಡಕ್ಕೆ ಹೊರಟಿತು. ಮೇಜು, ಬೀರು, ಕಡತ ಎಲ್ಲ ಮೂರು ವಾರಗಳಲ್ಲಿ ಸಾಗಿದವು. ಕೊನೆಗೆ ಪ್ರತಿಮೆಯೊಂದು ಉಳಿಯಿತು. ಹೊಸ ಕಟ್ಟಡದ ಉದ್ಘಾಟನೆ ಸಂಜೆ ನಾಲ್ಕಕ್ಕೆ. ಆ ಬೆಳಿಗ್ಗೆ ಹತ್ತೂವರೆಗೆ ಸಾಗಣೆಯವರು ಬಂದರು. ಮೇಸ್ತ್ರಿಯೊಬ್ಬ, ಆಳುಗಳು ನಾಲ್ಕು ಜನ. ಎರಡು ಬೊಂಬು, ಹಗ್ಗ.

ಅವಳು ಖಾಲಿ ಕೋಣೆಯ ಕಸ ಗುಡಿಸುತ್ತಿದ್ದಳು. ಬೊಂಬು ನೆಲಕ್ಕೆ ಬಿದ್ದ ಸದ್ದು ಕೇಳಿ ಹೊರಗೆ ಬಂದಳು. ಹಗ್ಗ ಬಿಗಿಯುತ್ತಿದ್ದರು. ಪೊರಕೆಯನ್ನು ಗೋಡೆಗೆ ಒರಗಿಸಿ, ಹನ್ನೊಂದು ಮೆಟ್ಟಿಲು ಇಳಿದು, ತಿರುವಿನಲ್ಲಿ, ಐವತ್ತೈದನೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೀಗೆ ಮಾಡುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ. ಮಂಡಿ ನೋಯುತ್ತಿತ್ತು, ಕೂತಳು. ಕೂತ ಮೇಲೆ ಏಳುವುದಿಲ್ಲ ಎಂದು ಗೊತ್ತಾಯಿತು.

“ಅಮ್ಮಾ, ಸ್ವಲ್ಪ ದಾರಿ ಬಿಡಿ” ಎಂದ ಮೇಸ್ತ್ರಿ ಮೇಲಿನಿಂದ.

“ಬಿಡಲ್ಲಪ್ಪ.”

“ಯಾಕಮ್ಮ?”

“ಹೀಗೆ ಇಳಿಸಬೇಡಿ. ಕಿಟಕಿ ಬಿಚ್ಚಿ ರಾಟೆ ಕಟ್ಟಿ.”

ಮುಖ್ಯ ಎಂಜಿನಿಯರಿಗೆ ಸುದ್ದಿ ಹೋಯಿತು. ಅವರು ಬಂದು ಎರಡು ತಿಂಗಳಾಗಿತ್ತು, ಇನ್ನೂ ನಲವತ್ತು ದಾಟದವರು. ಫೋನು ಕಿವಿಯಲ್ಲಿಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತರು.

“ಏನಮ್ಮಾ ಇದು? ಏಳಿ. ನಾಲ್ಕು ಗಂಟೆಗೆ ಮಂತ್ರಿಗಳು ಬರ್ತಾರೆ.”

“ಬರಲಿ ಸರ್.”

“ಪ್ರತಿಮೆ ಇಲ್ದೆ ಹೇಗೆ ಬರ್ತಾರೆ?”

“ಕಾರಲ್ಲಿ ಬರ್ತಾರೆ ಸರ್” ಎಂದಳು. ತಮಾಷೆಗೆ ಹೇಳಲಿಲ್ಲ, ಬಾಯಿಗೆ ಬಂದದ್ದು ಅದು. ಮೇಲೆ ಯಾರೋ ಕಿಸಕ್ಕೆಂದರು.

ಎಂಜಿನಿಯರ್ ಮುಖ ಕೆಂಪಾಯಿತು. “ನೋಡಿ, ವಯಸ್ಸಾದವರು ಅಂತ ಮರ್ಯಾದೆ ಕೊಟ್ಟು ಮಾತಾಡ್ತಿದೀನಿ. ನಿವೃತ್ತಿ ಹತ್ರ ಬಂದಿದೆ, ಸುಮ್ಮನೆ ತೊಂದರೆ ಮಾಡ್ಕೋಬೇಡಿ. ಪ್ರತಿಮೆ ಮೇಲೆ ಪ್ರೀತಿ ಇರಬಹುದು, ಇಷ್ಟು ವರ್ಷ ನೋಡ್ಕೊಂಡಿದೀರಿ...”

“ಪ್ರತಿಮೆಗೇನು ಸರ್, ಅದು ಬಿದ್ರೂ ಎದ್ರೂ ಹಾಗೇ ಇರುತ್ತೆ. ನೀವು ಈಗ ನಿಂತಿದೀರಲ್ಲ, ಅಲ್ಲಿ ನಿಲ್ಲೋರ ಮಾತು ನಾನು ಹೇಳ್ತಿರೋದು.”

ಎಂಜಿನಿಯರ್ ತಾವು ನಿಂತ ಜಾಗ ನೋಡಿಕೊಂಡರು. ಮೇಸ್ತ್ರಿ ಅಷ್ಟರಲ್ಲಿ ಒಂದು ಬೊಂಬನ್ನು ತಂದು ತಿರುವಿನಲ್ಲಿ ಅಡ್ಡ ಹಿಡಿದು ನೋಡಿದ. ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಎರಡು ಕಡೆಯೂ ಗೋಡೆ ತಗುಲಿತು. ತಲೆ ಕೆರೆದುಕೊಂಡ.

“ಸರ್, ಅಮ್ಮ ಹೇಳೋದು ಸರಿ. ಇಲ್ಲಿ ಬೊಂಬು ತಿರುಗಲ್ಲ. ಕೈ ಬಿಟ್ರೆ ಕೆಳಗಿದ್ದೋನು ಹೋದ. ಇದು ತೂಕದ ಮಾಲು. ರಾಟೆ ತರಿಸ್ತೀನಿ, ನಾಳೆ ಮಧ್ಯಾಹ್ನದ ಒಳಗೆ ಇಳಿಸಿಕೊಡ್ತೀನಿ.”

“ನಾಳೆ ತಗೊಂಡು ನಾನೇನು ಮಾಡ್ಲಿ?” ಎಂದರು ಎಂಜಿನಿಯರ್. ಆದರೆ ದನಿ ಇಳಿದಿತ್ತು. ಫೋನಿನಲ್ಲಿ ಯಾರಿಗೋ “ಒಂದು ದೊಡ್ಡ ಫೋಟೋ ಸಿಗುತ್ತೇನ್ರಿ?” ಎಂದು ಕೇಳುತ್ತ ಇಳಿದುಹೋದರು.

ಮಾರನೇ ದಿನ ಕಿಟಕಿಯ ಚೌಕಟ್ಟು ಬಿಚ್ಚಿದರು. ಕಬ್ಬಿಣದ ತೊಲೆ ಹಾಕಿ ಸರಪಳಿ ರಾಟೆ ಕಟ್ಟಿದರು. ಗೋಣಿಯಲ್ಲಿ ಸುತ್ತಿದ ರಾಷ್ಟ್ರಾಧ್ಯಕ್ಷರು ಮೂರು ಮಹಡಿ ಗಾಳಿಯಲ್ಲಿ ಮೆಲ್ಲಗೆ ಇಳಿದು ಲಾರಿಯಲ್ಲಿ ಕೂತರು. ಇಪ್ಪತ್ತು ನಿಮಿಷದ ಕೆಲಸ. ಅವಳು ಆ ತೂತಾದ ಗೋಡೆಯ ಪಕ್ಕ ನಿಂತು ನೋಡಿದಳು. ಅಷ್ಟೇನಾ, ಅನ್ನಿಸಿತು. ಅಷ್ಟೇ ಆಗಿತ್ತು.

ವಾರದ ಮೇಲೆ ಅವಳಿಗೊಂದು ಮೆಮೊ ಬಂತು. ಕರ್ತವ್ಯಕ್ಕೆ ಅಡ್ಡಿಪಡಿಸಿದ್ದೇಕೆ, ಮೂರು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು ಎಂದು. ಟೈಪಿಸ್ಟ್ ಹುಡುಗಿಗೆ ಈಗ ತಲೆ ಅರ್ಧ ಬೆಳ್ಳಗಾಗಿತ್ತು, ಸೂಪರಿಂಟೆಂಡೆಂಟ್ ಆಗಿದ್ದಳು. ಬಾಗಿಲು ಮುಂದೆ ಮಾಡಿ ಕಂಪ್ಯೂಟರ್ ಎದುರು ಕೂತಳು.

“ಅಕ್ಕಾ, ಎಲ್ಲ ಬರೀತೀನಿ. ನಿಮ್ಮ ಯಜಮಾನರಿಗೆ ಆದದ್ದು, ದಿನಾಂಕ, ಆಸ್ಪತ್ರೆ, ಎಲ್ಲ. ಓದಿದೋರ ಕಣ್ಣಲ್ಲಿ ನೀರು ಬರಬೇಕು.”

“ಬೇಡ ಕಣೇ. ಬರೆದ್ರೆ ಪಾಪ ಅಂತಾರೆ. ಆ ಪಾಪ ಕೇಳೀ ಕೇಳೀ ಸಾಕಾಗಿದೆ. ಕೂತಿದ್ದು ನಿಜ, ಕೆಳಗಡೆ ಜನ ಇದ್ರು ಅಂತ ಬರಿ.”

“ಇಷ್ಟೇನಾ?”

“ಇಷ್ಟೇ.”

ಎರಡೇ ಸಾಲು ಹೋಯಿತು. ಅದಕ್ಕೆ ಉತ್ತರ ಬರಲಿಲ್ಲ. ಕಡತ ಎಲ್ಲಿ ಮಲಗಿತೋ, ಯಾರೂ ಎಬ್ಬಿಸಲಿಲ್ಲ.

ಮನೆಯಲ್ಲಿ ಅವಳು ಪ್ರತಿಮೆ ಇಳಿದ ದಿನ ಸಂಜೆಯೇ ಎಲ್ಲ ಹೇಳಿದ್ದಳು. ಬಡಗಿ ನಡುವೆ ಬಾಯಿ ಹಾಕದೆ ಕೇಳಿದ್ದು ಅಂದೇ ಮೊದಲು. ತೊಲೆ ಎಲ್ಲಿ ಊರಿದರು, ಗಂಟು ಹೇಗೆ ಹಾಕಿದರು ಎಂದೆಲ್ಲ ಕೇಳುತ್ತಾನೆ ಎಂದುಕೊಂಡಿದ್ದಳು. ಕೇಳಲಿಲ್ಲ. “ಅವತ್ತು ಹಾಗೆ ಕೂರೋರು ಒಬ್ಬರೂ ಇರ್ಲಿಲ್ಲ ನೋಡು” ಎಂದ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತಳು. ನೀರು ಹರಿಯಿತು. ನಿಲ್ಲಿಸಿ ಹೊರಗೆ ಬಂದಳು.

ಹೊಸ ಕಟ್ಟಡದಲ್ಲಿ ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. ಅವಳನ್ನು ನೆಲಮಹಡಿಯ ದಾಖಲೆ ಕೋಣೆಗೆ ಹಾಕಿದರು. ಪ್ರತಿಮೆ ಮುಂಬಾಗಿಲ ಗಾಜಿನ ಪಡಸಾಲೆಯಲ್ಲಿ ಕೂತಿತು. ಅದನ್ನು ಒರೆಸಲು ಗುತ್ತಿಗೆಯವರು ಬರುತ್ತಾರೆ, ಉದ್ದ ಕೋಲಿನ ತುದಿಗೆ ನೂಲಿನ ಜೂಲು ಕಟ್ಟಿಕೊಂಡು. ಕನ್ನಡಕದ ಸಂದಿಗೆ ಆ ಜೂಲು ಹೋಗುವುದಿಲ್ಲ. ಅವಳು ದಿನಾ ನೋಡುತ್ತಾಳೆ, ಹೇಳುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಗಳು ಅಪ್ಪನನ್ನು ಕಾರಿನಲ್ಲಿ ಕರೆತಂದಳು. ಮನೆಯಿಂದ ಎರಡು ಬೀದಿ ಆಚೆ ಇರುವ ಮಗಳು, ಶಾಲೆಯಲ್ಲಿ ಲೆಕ್ಕದ ಟೀಚರ್. ಇಲ್ಲಿ ಇಳಿಜಾರು ದಾರಿ ಇದೆ, ಊರುಗೋಲಿಗೆ ಸಲೀಸು ಎಂದು ಅವಳೇ ಹೊರಡಿಸಿದ್ದು. ಬಡಗಿ ಪಡಸಾಲೆಯ ನಡುವೆ ನಿಂತು ರಾಷ್ಟ್ರಾಧ್ಯಕ್ಷರ ಮುಖವನ್ನು ನೋಡಿದ. ಅವನು ಅದನ್ನು ನೆಟ್ಟಗೆ ನಿಂತಂತೆ ನೋಡಿರಲೇ ಇಲ್ಲ. ಅವತ್ತು ನೋಡಿದ್ದು ಲಾರಿಯಲ್ಲಿ ಮಲಗಿದ್ದದ್ದು, ಆಮೇಲೆ ತನ್ನ ಮೇಲೆ ಬಿದ್ದದ್ದು.

“ಇಷ್ಟೇನಾ ಇದ್ದಿದ್ದು?” ಎಂದ. “ಅವತ್ತು ಇನ್ನೂ ದೊಡ್ಡದಿತ್ತು.”

“ಅಷ್ಟೇ ಅಪ್ಪ” ಎಂದಳು ಮಗಳು.

“ಮುಖ ಪರವಾಗಿಲ್ಲ. ಒಳ್ಳೆ ಮನುಷ್ಯನ ಹಾಗೇ ಕಾಣ್ತಾರೆ.” ಆಮೇಲೆ ಹೆಂಡತಿಯ ಕಡೆ ತಿರುಗಿ, “ಬಚ್ಚಲು ಯಾವ ಕಡೆನೇ?” ಎಂದ.

ಅವಳು ಅವನ ಹಿಂದೆ ಹಿಂದೆಯೇ ನಡೆದು ತೋರಿಸಿದಳು. ಬಾಗಿಲ ಹತ್ತಿರ ಅವನು ನಿಂತು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. “ಮರವೇ ಅಲ್ಲ ಕಣೇ ಇದು. ಹೊಟ್ಟಿನ ಹಲಗೆ, ಮೇಲೊಂದು ಹಾಳೆ ಅಂಟಿಸಿದಾರೆ. ಎರಡು ಮಳೆಗಾಲ ತಡೆದ್ರೆ ಹೆಚ್ಚು” ಎಂದು ಗೊಣಗಿಕೊಂಡು ಒಳಗೆ ಹೋದ.

ಅವಳು ಹೊರಗೆ ಗೋಡೆಗೆ ಒರಗಿದಳು. ಇನ್ನು ನಾಲ್ಕು ತಿಂಗಳು ಕೆಲಸ ಉಳಿದಿತ್ತು. ಮಗಳು ಕಾರಿನ ಕೀಲಿ ಆಡಿಸುತ್ತ, “ಅಮ್ಮ, ಕೂತ್ಕೋಬಾರ್ದಾ, ಅಲ್ಲಿ ಕುರ್ಚಿ ಇದೆಯಲ್ಲ” ಎಂದಳು.

“ಇರ್ಲಿ ಬಿಡೇ. ಕೂತ್ರೆ ಮತ್ತೆ ಏಳಬೇಕು” ಎಂದು ಅವಳು ಹಾಗೇ ಒರಗಿ ನಿಂತು, ಒಳಗಿಂದ ಊರುಗೋಲಿನ ಸದ್ದು ಬರುವವರೆಗೆ ಕಣ್ಣು ಮುಚ್ಚಿಕೊಂಡಳು.